ಜೀಪಿನ ಹಿಂಬದಿಯ ಉಕ್ಕಿಗೊಂದು ನಿಯಮ ಬೇಕು

ಜೀಪಿನ ಹಿಂಭಾಗಕ್ಕೆ ಹಾಕಿಸುವ ಬಂಪರಿನ ಬಗ್ಗೆ ದಿನಪತ್ರಿಕೆಯ ಈ ಪುಟದಲ್ಲಿ ಚರ್ಚಿಸುವಂಥದ್ದು ಏನಿದೆ ಎಂದು ಓದುಗರು ಕೇಳಬಹುದು. ನಮ್ಮಲ್ಲಿ ಬಂಪರ್ ಎಂಬ ಪದ ಲಾಟರಿ ಬಹುಮಾನದ ಜೊತೆಗೋ, ಬೆಲೆ ಸಿಗದ ಟೊಮೆಟೊ ಬೆಳೆಯ ಜೊತೆಗೋ ಹೆಚ್ಚು ಬಳಕೆಯಾಗುತ್ತದೆ. ಆದರೆ ವಾಹನದ ಬೆನ್ನಿಗೆ ಕಟ್ಟುವ ಆ ಐದಡಿ ಉದ್ದದ ಉಕ್ಕಿನ ತುಂಡು, ನಮ್ಮ ಕಾನೂನು ಮತ್ತು ನಮ್ಮ ಬದುಕು ಹೇಗೆ ಬೇರೆ ಬೇರೆ ದಾರಿಯಲ್ಲಿ ನಡೆಯುತ್ತಿವೆ ಎಂಬುದಕ್ಕೆ ಒಳ್ಳೆಯ ಉದಾಹರಣೆ. ಅದು ಕೆಲವೊಮ್ಮೆ ಜೀವ ಉಳಿಸುತ್ತದೆ, ಕೆಲವೊಮ್ಮೆ ತೆಗೆಯುತ್ತದೆ. ಎರಡನ್ನೂ ನೋಡಬೇಕಾದ ವ್ಯವಸ್ಥೆ ಒಂದನ್ನೂ ನೋಡುತ್ತಿಲ್ಲ ಎಂಬುದು ನನ್ನ ದೂರು.

ಮೂರು ದಶಕಗಳ ಕಾಲ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪಾಠ ಹೇಳಿದವನು ನಾನು. ಮೂಡಿಗೆರೆಯ ಕಡೆ ನಮ್ಮ ಮನೆತನದ ಸ್ವಲ್ಪ ಕಾಫಿ ತೋಟವಿದೆ. ಅದಕ್ಕೊಂದು ಹಳೆಯ ಜೀಪೂ ಇದೆ. ಹೀಗಾಗಿ ಈ ವಿಷಯವನ್ನು ಕಪ್ಪುಹಲಗೆಯ ಕಡೆಯಿಂದಲೂ ಕೆಸರಿನ ಕಡೆಯಿಂದಲೂ ನೋಡುವ ಅವಕಾಶ ನನಗೆ ಸಿಕ್ಕಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಆ ಜೀಪಿನ ಹಿಂಭಾಗದ ಚಿತ್ರವನ್ನು ನೋಡಿದವರಿಗೆ ಒಂದು ಸಂಗತಿ ಗಮನಕ್ಕೆ ಬಂದಿರುತ್ತದೆ. ಅಲ್ಲಿ ಈ ತುದಿಯಿಂದ ಆ ತುದಿಯವರೆಗಿನ ಬಂಪರ್ ಇಲ್ಲ. ಎಡಕ್ಕೊಂದು ಬಲಕ್ಕೊಂದು ಬಾಗಿದ ಸಣ್ಣ ಉಕ್ಕಿನ ತುಣುಕು, ನಡುವೆ ಚಾಸಿಯ ಅಡ್ಡಪಟ್ಟಿಗೆ ಬಿಗಿದ ದಪ್ಪ ಕೊಕ್ಕೆ, ಅಷ್ಟೆ. ಆ ಕೊಕ್ಕೆಗೆ ಕಾಲು ಟನ್ನಿನ ಟ್ರೇಲರ್ ಕಟ್ಟುತ್ತಿದ್ದರು. ಎಳೆಯುವ ಬಲ ದೇಹದ ತಗಡಿಗೆ ತಾಗದೆ ನೇರವಾಗಿ ಚಾಸಿಗೆ ಹೋಗಬೇಕು ಎಂಬ ಪಾಠವನ್ನು ಆ ವಿನ್ಯಾಸಕಾರರು 1940ರ ದಶಕದಲ್ಲೇ ಬರೆದಿಟ್ಟಿದ್ದರು. 1947ರಲ್ಲಿ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಮುಂದೆ ಮಲೆನಾಡಿನ, ಕೊಡಗಿನ ತೋಟಗಳಿಗೆ ಎತ್ತಿನಗಾಡಿಯ ಜಾಗಕ್ಕೆ ಬಂದದ್ದು ಇದೇ ವಂಶದ ವಾಹನಗಳು. ಇಂದಿಗೂ ಕುದುರೆಮುಖದ ಬುಡದ ಮುಳ್ಳೋಡಿಗೆ, ಮಡಿಕೇರಿ ಬಳಿಯ ಮಾಂದಲಪಟ್ಟಿಗೆ ಜನರನ್ನು ಹತ್ತಿಸಿಕೊಂಡು ಹೋಗುವುದು ಜೀಪೇ. ಆಷಾಢದಲ್ಲಿ ಬಾಣಂತಿಯನ್ನೋ ಹಾವು ಕಚ್ಚಿದವನನ್ನೋ ಒಳಗಿನ ಹಳ್ಳಿಯಿಂದ ಡಾಂಬರು ರಸ್ತೆಗೆ ತಂದು ಮುಟ್ಟಿಸುವುದೂ ಅದೇ.

ಇಂಥ ಕಡೆ ವಾಹನ ಹೂತುಕೊಳ್ಳುವುದು ಅಪಘಾತವಲ್ಲ, ನಿತ್ಯದ ಸಂಗತಿ. ಹೂತ ವಾಹನವನ್ನು ಹೆಚ್ಚಿನ ಸಲ ಬಂದ ದಾರಿಯಲ್ಲೇ, ಎಂದರೆ ಹಿಂದಕ್ಕೆ ಎಳೆಯಬೇಕಾಗುತ್ತದೆ. ಮುಂದೆ ಏನಿದೆಯೋ ಗೊತ್ತಿಲ್ಲ, ಹಿಂದಿನ ನೆಲ ಗಟ್ಟಿಯೆಂಬುದು ಗೊತ್ತಿದೆ. ಹೀಗಾಗಿ ಹಿಂಭಾಗದಲ್ಲಿ ನಂಬಬಹುದಾದ ಎಳೆಯುವ ಬಿಂದು ಬೇಕು. ಜ್ಯಾಕ್ ಕೊಟ್ಟರೆ ನಜ್ಜುಗುಜ್ಜಾಗದ ಗಟ್ಟಿ ಅಂಚು ಬೇಕು. ದರೆ ಇಳಿಯುವಾಗ, ಹಳ್ಳ ದಾಟಿ ಏರುವಾಗ ಬಾಲ ನೆಲಕ್ಕೆ ತಾಗಬಾರದು. ಈಚಿನ ವಾಹನಗಳ ಜೊತೆ ಕಾರ್ಖಾನೆಯಿಂದ ಬರುವ ಬಂಪರ್ ಬಹುಪಾಲು ಪ್ಲಾಸ್ಟಿಕ್ ಹೊದಿಕೆ. ನಗರದ ಸಣ್ಣ ಡಿಕ್ಕಿಗೆ ಅದು ಸರಿಯೇ. ನಮ್ಮ ತೋಟದ ದಾರಿಯಲ್ಲಿ ಅದು ಒಂದು ಮಳೆಗಾಲ ಬಾಳುವುದಿಲ್ಲ. ಆದ್ದರಿಂದ ಜನ ಊರಿನ ವೆಲ್ಡಿಂಗ್ ಶಾಪಿಗೆ ಹೋಗುತ್ತಾರೆ.

ನಾನೂ ಹೋಗಿದ್ದೆ. ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ನಗರದಲ್ಲಿ ಕುಳಿತು ಕಾನೂನು ಬರೆಯುವವರು ಇದನ್ನು ಒಂದು ಹುಡುಗಾಟವೆಂದು ತಿಳಿದಂತಿದೆ. ಹೋಬಳಿ ಊರಿನ ಆ ವೆಲ್ಡರ್ ಓದಿದ್ದು ಏಳನೆಯ ತರಗತಿ. ಆತ ಮೊದಲು ಅಳತೆ ಪಟ್ಟಿ ತೆಗೆಯಲಿಲ್ಲ. ಜೀಪಿನ ಅಡಿಗೆ ಗೋಣಿ ಹಾಸಿಕೊಂಡು ಮಲಗಿ, ಚಾಸಿಯ ಎರಡು ತೊಲೆಗಳ ತುದಿಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಸದ್ದು ಕೇಳಿದ. ತುಕ್ಕು ಹಿಡಿದ ಕಡೆ ಸದ್ದು ಬೊದ್ದಾಗಿರುತ್ತದಂತೆ. ಆಮೇಲೆ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಬಂಪರಿನ ಪೂರ್ತಿ ಆಕಾರವನ್ನು ರಟ್ಟಿನಲ್ಲೇ ಮಾಡಿ, ಸುತಲಿಯಲ್ಲಿ ಕಟ್ಟಿ, ಹಿಂದಕ್ಕೆ ಹೋಗಿ ನಿಂತು ನೋಡಿದ. ಸೈಲೆನ್ಸರಿನ ಬಾಯಿಗೆ ಅಡ್ಡ ಬಂದ ಮೂಲೆಯನ್ನು ಕತ್ತರಿಸಿದ. ನಂಬರ್ ಪ್ಲೇಟಿನ ದೀಪಕ್ಕೆ ಜಾಗ ಬಿಟ್ಟ. ಉಕ್ಕಿಗೆ ಕೈ ಹಾಕಿದ್ದು ಮರುದಿನ.

ಕೆಳಗಿನ ಎರಡು ಮೂಲೆಗಳನ್ನು ಓರೆಯಾಗಿ ಮೇಲಕ್ಕೆ ಎತ್ತಬೇಕು ಎಂದು ಆತ ಹಟ ಹಿಡಿದ. ಅದರ ಹಿಂದಿನ ಗಣಿತ ಇಷ್ಟು: ಹಿಂದಿನ ಚಕ್ರ ನೆಲ ಮುಟ್ಟುವ ಜಾಗದಿಂದ ಬಂಪರಿನ ಕೆಳ ಅಂಚು 75 ಸೆಂಟಿಮೀಟರ್ ಹಿಂದಕ್ಕೆ, ನೆಲದಿಂದ 45 ಸೆಂಟಿಮೀಟರ್ ಮೇಲಕ್ಕೆ ಇದೆ ಎನ್ನೋಣ. ಆಗ ವಾಹನ ಬಾಲ ತಾಗಿಸದೆ ಇಳಿಯಬಹುದಾದ ಕೋನ ಸ್ಥೂಲವಾಗಿ 31 ಡಿಗ್ರಿ. ಚೆಂದಕ್ಕೆಂದು ಬಂಪರನ್ನು ಇನ್ನು 15 ಸೆಂಟಿಮೀಟರ್ ಹಿಂದಕ್ಕೆ ಚಾಚಿದರೆ ಅದು 27 ಡಿಗ್ರಿಗೆ ಇಳಿಯುತ್ತದೆ. ಚಾಚದೆ, ಕೆಳ ಅಂಚನ್ನು 60 ಸೆಂಟಿಮೀಟರಿಗೆ ಎತ್ತಿದರೆ 38 ಡಿಗ್ರಿ ದಾಟುತ್ತದೆ. ತರಗತಿಯಲ್ಲಿ ಇದನ್ನು ನಾನು ಟ್ಯಾಂಜೆಂಟ್ ಕೋಷ್ಟಕ ಇಟ್ಟುಕೊಂಡು ಹೇಳುತ್ತಿದ್ದೆ. ಆತ ಒಂದು ಬಿದಿರು ಗಳವನ್ನು ಟಯರಿಗೂ ರಟ್ಟಿಗೂ ಆನಿಸಿ ತೋರಿಸಿದ.

ದಪ್ಪದ ವಿಷಯದಲ್ಲಿ ನಮ್ಮಿಬ್ಬರ ನಡುವೆ ಚರ್ಚೆಯಾಯಿತು. ಹೆಚ್ಚಿನ ಗಿರಾಕಿಗಳು ದಪ್ಪ ಕೇಳುತ್ತಾರೆ. ದಪ್ಪವಿದ್ದರೆ ಗಟ್ಟಿ ಎಂಬ ನಂಬಿಕೆ. ಐದು ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆ ಒಂದು ಚದರ ಮೀಟರಿಗೆ ಸುಮಾರು 39 ಕಿಲೋ ತೂಗುತ್ತದೆ. ಮೂರು ಮಿಲಿಮೀಟರಿನದು 24 ಕಿಲೋಗಿಂತ ಕಡಿಮೆ. ಎತ್ತಿನಗಾಡಿಯ ಹಿಂಭಾಗಕ್ಕೆ ಹೊರೆ ಹೆಚ್ಚಾದರೆ ಮೂಕಿ ಎತ್ತಿನ ಹೆಗಲಿನಿಂದ ಮೇಲೇಳುವುದನ್ನು ನಮ್ಮ ತಲೆಮಾರಿನವರು ಕಂಡಿದ್ದಾರೆ. ಜೀಪಿನಲ್ಲೂ ನಡೆಯುವುದು ಅದೇ. ಹಿಂದಿನ ಅಚ್ಚಿನಿಂದ 80 ಸೆಂಟಿಮೀಟರ್ ಆಚೆ 45 ಕಿಲೋ ಬಂಪರ್ ನೇತುಹಾಕಿದರೆ, ಎರಡು ಅಚ್ಚುಗಳ ನಡುವಿನ ಅಂತರ 240 ಸೆಂಟಿಮೀಟರ್ ಇರುವ ವಾಹನದಲ್ಲಿ ಹಿಂದಿನ ಚಕ್ರಗಳ ಮೇಲೆ 60 ಕಿಲೋ ಹೆಚ್ಚುತ್ತದೆ, ಮುಂದಿನ ಚಕ್ರಗಳ ಮೇಲೆ 15 ಕಿಲೋ ಕಡಿಮೆಯಾಗುತ್ತದೆ. ಅದಕ್ಕೇ ಸ್ಟೆಪ್ನಿ, ಡೀಸೆಲ್ ಡಬ್ಬ, ಉದ್ದ ಜ್ಯಾಕ್ ಎಲ್ಲವನ್ನೂ ಹೊರಿಸಿದರೆ ಲೆಕ್ಕ ಇನ್ನಷ್ಟು ಕೆಡುತ್ತದೆ. ಚಾರ್ಮಾಡಿಯ ಒದ್ದೆ ತಿರುವಿನಲ್ಲಿ ಸ್ಟಿಯರಿಂಗ್ ಹಗುರಾದರೆ ಏನಾಗುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಕೊನೆಗೆ ಮೈಗೆ ಮೂರು ಮಿಲಿಮೀಟರ್ ಹಾಳೆ, ಚಾಸಿಗೆ ಕೂರುವ ಎರಡು ತೋಳುಗಳಿಗೆ ಹಾಗೂ ಎಳೆಯುವ ಕಿವಿಗಳಿಗೆ ಮಾತ್ರ ದಪ್ಪ ಪ್ಲೇಟು ಎಂದು ತೀರ್ಮಾನವಾಯಿತು.

ಆ ಕಿವಿಗಳದ್ದೇ ಮುಖ್ಯ ಮಾತು. ಕೆಸರಿನಲ್ಲಿ ಹೂತ ಒಂದೂವರೆ ಟನ್ನಿನ ವಾಹನವನ್ನು ಬಿಡಿಸಲು ಅದರ ತೂಕದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನ ಬಲ ಬೇಕಾಗುತ್ತದೆ. ಇನ್ನೊಂದು ವಾಹನ ಓಡಿಬಂದು ಹಗ್ಗವನ್ನು ಜಗ್ಗಿದರಂತೂ ಕ್ಷಣಮಾತ್ರಕ್ಕೆ ಆ ಬಲ ಹಲವು ಪಟ್ಟು ಏರುತ್ತದೆ. ಆ ಹೊತ್ತಿನಲ್ಲಿ ಕಿವಿಯ ವೆಲ್ಡಿಂಗ್ ಬಿಟ್ಟುಕೊಂಡರೆ, ಹಿಗ್ಗಿದ ಹಗ್ಗದಲ್ಲಿ ತುಂಬಿಕೊಂಡಿದ್ದ ಶಕ್ತಿಯೆಲ್ಲ ಆ ಉಕ್ಕಿನ ತುಂಡಿಗೆ ಬರುತ್ತದೆ. ಅದು ಕವಣೆಯ ಕಲ್ಲಿನಂತೆ ಹಾರುತ್ತದೆ. ಟ್ರೇಲರ್ ಎಳೆಯುವ ಗುಂಡಿಗೆ ಹಗ್ಗ ಸಿಕ್ಕಿಸಿ ಜಗ್ಗಲು ಹೋಗಿ, ಆ ಗುಂಡು ಕಿತ್ತು ಬಂದು ಜನ ಸತ್ತ ಪ್ರಕರಣಗಳು ಆಸ್ಟ್ರೇಲಿಯಾದಲ್ಲಿ ನಡೆದಿವೆ. ಅಲ್ಲಿ ಎಳೆಯುವ ಪಟ್ಟಿಗಳಿಗೂ ಕಡ್ಡಾಯ ಸುರಕ್ಷತಾ ಮಾನದಂಡವಿದೆ. ನಮ್ಮಲ್ಲಿ ಹದಿನಾರು ಮಿಲಿಮೀಟರಿನ ಒಳ್ಳೆಯ ಶ್ಯಾಕಲ್ ಕೊಂಡರೆ ಅದರ ಮೈಮೇಲೆ 3.25 ಟನ್ ಎಂದು ಅಚ್ಚೊತ್ತಿರುತ್ತದೆ. ಅದನ್ನು ಸಿಕ್ಕಿಸುವ ಕಿವಿಯ ಮೇಲೆ ಏನೂ ಬರೆದಿರುವುದಿಲ್ಲ. ಅದು ಎಷ್ಟು ತಾಳುತ್ತದೆ ಎಂಬುದು ವೆಲ್ಡರನ ಕೈ, ಆ ದಿನದ ರಾಡಿನ ತೇವ, ಊರಿನ ವಿದ್ಯುತ್ತಿನ ವೋಲ್ಟೇಜ್ ಇವುಗಳಿಗೆ ಬಿಟ್ಟದ್ದು.

ನಾನು ಕಂಡ ವೆಲ್ಡರ್ ಕಿವಿಯ ಪ್ಲೇಟನ್ನು ಬಂಪರಿನ ಮೈಗೆ ಅಂಟಿಸಲಿಲ್ಲ. ಮೈಯಲ್ಲಿ ಸೀಳು ಕೊರೆದು, ಪ್ಲೇಟನ್ನು ಅದರ ಮೂಲಕ ತೂರಿಸಿ, ಒಳಗೆ ಚಾಸಿಯ ತೋಳಿಗೇ ಸೇರಿಸಿ ಎರಡೂ ಕಡೆ ಬೆಸೆದ. ಚಾಸಿಗೆ ವೆಲ್ಡಿಂಗ್ ತಾಗಿಸಲೇ ಇಲ್ಲ, ಬೋಲ್ಟು ಹಾಕಿದ. ಪೆಟ್ಟಿಗೆಯಾಕಾರದ ಚಾಸಿ ತೊಲೆಯನ್ನು ಬೋಲ್ಟಿನಿಂದ ಬಿಗಿದರೆ ಅದು ಒಳಕ್ಕೆ ಕುಸಿಯುತ್ತದೆ. ಆದ್ದರಿಂದ ಒಳಗೆ ಸಣ್ಣ ಕೊಳವೆ ತುಂಡುಗಳನ್ನು ಇಟ್ಟು ಅವುಗಳ ಮೂಲಕ ಬೋಲ್ಟು ತೂರಿಸಿದ. ಉದ್ದ ಹೊಲಿಗೆಯನ್ನು ಒಂದೇ ಏಟಿಗೆ ಹಾಕದೆ, ಇಲ್ಲೊಂದು ಎರಡಂಗುಲ ಅಲ್ಲೊಂದು ಎರಡಂಗುಲ ಹಾಕುತ್ತಾ ಹೋದ, ಹಾಳೆ ಶಾಖಕ್ಕೆ ತಿರುಚಿಕೊಳ್ಳದಿರಲೆಂದು. ತಳದಲ್ಲಿ ನೀರು ಹೋಗಲು ನಾಲ್ಕು ತೂತು. ಮಲೆನಾಡಿನ ಮಳೆಯಲ್ಲಿ ಈ ನಾಲ್ಕು ತೂತು ಇಲ್ಲದ ಬಂಪರ್ ಒಳಗಿನಿಂದಲೇ ತುಕ್ಕು ತಿಂದು, ಹೊರಗೆ ಬಣ್ಣ ಮಾಸುವ ಮೊದಲೇ ಟೊಳ್ಳಾಗುತ್ತದೆ. "ಬಂಪರ್ ಮುರಿದ್ರೆ ಇನ್ನೊಂದು ಮಾಡ್ಕೊಡ್ತೀನಿ ಸರ್, ಚಾಸಿ ಮುರಿದ್ರೆ ನಾನೇನೂ ಮಾಡಕ್ಕಾಗಲ್ಲ" ಎಂದ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಷ್ಟು ಸ್ಪಷ್ಟವಾಗಿ ಉತ್ತರ ಬರೆದದ್ದಿಲ್ಲ.

ಇದು ಬೆಟ್ಟದ ಕಡೆಯ ಮಾತಾಯಿತು. ಇದೇ ವಾಹನ ಘಟ್ಟ ಇಳಿದು ಹೆದ್ದಾರಿಗೆ, ಅಲ್ಲಿಂದ ಬೆಂಗಳೂರಿನ ವರ್ತುಲ ರಸ್ತೆಗೆ ಬಂದಾಗ ಕಥೆ ತಿರುಗುತ್ತದೆ. ಬೆಟ್ಟದಲ್ಲಿ ಗುಣವಾಗಿದ್ದ ಎರಡೂ ಸಂಗತಿಗಳು, ಅಂದರೆ ಎತ್ತರ ಮತ್ತು ಬಿಗಿ, ರಸ್ತೆಯಲ್ಲಿ ದೋಷವಾಗುತ್ತವೆ.

ಎತ್ತರದ ಮಾತನ್ನೇ ತೆಗೆದುಕೊಳ್ಳಿ. ನಿಂತ ಲಾರಿಯ ಅಡಿಗೆ ಕಾರು ನುಗ್ಗಿ, ಕೂತವರ ತಲೆಯ ಮಟ್ಟಕ್ಕೆ ಲಾರಿಯ ಹಲಗೆ ಬಂದು ಜನ ಸಾಯುವುದನ್ನು ನಾವು ದಿನವೂ ಓದುತ್ತೇವೆ. ಅದನ್ನು ತಡೆಯಲೆಂದೇ ಲಾರಿಗಳ ಹಿಂಭಾಗಕ್ಕೆ ಅಡ್ಡಪಟ್ಟಿಯನ್ನು ಕಡ್ಡಾಯ ಮಾಡಲಾಗಿದೆ. 2005ರ ಭಾರತೀಯ ಮಾನಕ ಐಎಸ್ 14812 ಪ್ರಕಾರ ಆ ಪಟ್ಟಿಯ ಕೆಳ ಅಂಚು ನೆಲದಿಂದ 55 ಸೆಂಟಿಮೀಟರಿಗಿಂತ ಮೇಲಿರಬಾರದು. ಬೆಟ್ಟ ಇಳಿಯಲೆಂದು 60 ಸೆಂಟಿಮೀಟರಿಗೆ ಎತ್ತಿದ ಜೀಪಿನ ಬಂಪರ್ ಈ ಗೆರೆಯನ್ನು ದಾಟಿತು. ದೊಡ್ಡ ಟಯರು, ಎತ್ತರಿಸಿದ ಸ್ಪ್ರಿಂಗು ಸೇರಿದರೆ ಇನ್ನೂ ಮೇಲೆ. ಅಮೆರಿಕದಲ್ಲಿ ಕಾರುಗಳ ಬಂಪರ್ ನೆಲದಿಂದ 16ರಿಂದ 20 ಅಂಗುಲದ ನಡುವೆ ಡಿಕ್ಕಿ ತಾಳಬೇಕೆಂಬ ನಿಯಮವಿದೆ, ಒಂದರ ಬಂಪರ್ ಇನ್ನೊಂದರ ಬಂಪರಿಗೇ ತಾಗಲಿ ಎಂದು. ಅಲ್ಲಿಯೂ ಎಸ್‌ಯುವಿಗಳು ಆ ನಿಯಮದಿಂದ ನುಣುಚಿಕೊಂಡಿವೆ ಎಂಬುದು ಬೇರೆ ಮಾತು.

ಬಿಗಿಯ ಮಾತು ಇನ್ನೂ ಗಂಭೀರ. ಬಂಪರ್ ಬಗ್ಗದಿದ್ದರೆ ಡಿಕ್ಕಿಯ ಪೂರ್ತಿ ಪೆಟ್ಟು ಎದುರಿನವನಿಗೆ ಬೀಳುತ್ತದೆ, ಉಳಿದದ್ದು ಚಾಸಿಯ ಮೂಲಕ ಒಳಗೆ ಕೂತವರ ಕುತ್ತಿಗೆಗೆ ಬರುತ್ತದೆ. ನಮ್ಮ ರಸ್ತೆಗಳಲ್ಲಿ ಹಿಂದಿನಿಂದ ಬಂದು ಗುದ್ದುವವರು ಬಹುತೇಕ ಯಾರು? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ಒಟ್ಟು ಅಪಘಾತಗಳಲ್ಲಿ ಐದರಲ್ಲಿ ಒಂದಕ್ಕೂ ಹೆಚ್ಚು ಹಿಂದಿನಿಂದ ಗುದ್ದಿದಂಥವು. ಇದ್ದಕ್ಕಿದ್ದಂತೆ ಬ್ರೇಕ್ ಹಾಕಿದ ಜೀಪಿನ ಹಿಂದೆ ಬರುತ್ತಿರುವ ಸ್ಕೂಟರ್ ಸವಾರನ ಎದೆಯ ಮಟ್ಟಕ್ಕೆ ಚೂಪು ಮೂಲೆಯ ಉಕ್ಕಿನ ಹಲಗೆ, ಅದರಿಂದ ಹೊರಚಾಚಿದ ಎರಡು ಕೊಕ್ಕೆ ಇದ್ದರೆ ಏನಾದೀತು? ಪ್ಲಾಸ್ಟಿಕ್ ಬಂಪರಿಗೆ ತಾಗಿ ಮುರಿದ ಕೈಯಲ್ಲಿ ಮನೆಗೆ ಹೋಗುತ್ತಿದ್ದವನು ಇಲ್ಲಿ ಹಾಗೆ ಹೋಗಲಾರ.

ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗಳಿಂದ ಸಿದ್ಧ ಬಂಪರ್ ಕೊಂಡು, ಒಂದು ದಿನವೂ ಡಾಂಬರಿನಿಂದ ಕೆಳಗಿಳಿಯದ ವಾಹನಕ್ಕೆ ಹಾಕಿಸಿಕೊಳ್ಳುವವರ ಬಗ್ಗೆ ನನಗೆ ಸಹಾನುಭೂತಿ ಇಲ್ಲ. ಮಾಲ್‌ನ ನೆಲಮಾಳಿಗೆಯಲ್ಲಿ ನಿಲ್ಲುವ ವಾಹನಕ್ಕೆ ಎಳೆಯುವ ಕೊಕ್ಕೆ ಏಕೆ? ಅದರಲ್ಲೂ ಈ ಸಿದ್ಧ ಸರಕಿನಲ್ಲಿ ಹಲವಂತೂ ನೋಟಕ್ಕೆ ಮಾತ್ರ ಉಕ್ಕು. ಕೊಕ್ಕೆ ಕೂತಿರುವುದು ತೆಳು ಹಾಳೆಯ ಮೇಲೆ. ಬೆಟ್ಟದಲ್ಲಿ ಎಳೆದರೆ ಕಿತ್ತು ಬರುತ್ತದೆ, ರಸ್ತೆಯಲ್ಲಿ ತಾಗಿದರೆ ಮೈ ಸೀಳುತ್ತದೆ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಬದಲಿಸಕೂಡದು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು ಬುಲ್ ಬಾರ್, ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳಲು ಸೂಚಿಸಿತು. ಪಾದಚಾರಿಗಳಿಗೂ ವಾಹನದೊಳಗಿನವರಿಗೂ ಅವುಗಳಿಂದ ಅಪಾಯವಿದೆ ಎಂಬುದು ಸರಿಯಾದ ಮಾತೇ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ತಯಾರಕರ ಮೂಲ ವಿನ್ಯಾಸದಿಂದ ದೂರ ಸರಿಯುವ ಬದಲಾವಣೆಗೆ ಅವಕಾಶವಿಲ್ಲ ಎಂದು ತೀರ್ಪು ನೀಡಿತು. ಅದೇ ವರ್ಷದ ತಿದ್ದುಪಡಿಯು 182ಎ ಸೆಕ್ಷನ್ ಸೇರಿಸಿ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5 ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ವಿಧಿಸಿತು. ಬಂಪರ್ ಬದಲಾದರೆ ವಾಹನದ ಖಾಲಿ ತೂಕ ಬದಲಾಗುತ್ತದೆ. ಆ ತೂಕ ನೋಂದಣಿ ಪತ್ರದಲ್ಲಿದೆ. ಅಲ್ಲಿಗೆ ವಾದ ಮುಗಿಯಿತು.

ಕಾಗದದ ಮೇಲೆ ಮುಗಿದದ್ದು ರಸ್ತೆಯಲ್ಲಿ ಮುಗಿದಿಲ್ಲ. ಹದಿನೈದು ವರ್ಷ ದಾಟಿದ ನನ್ನ ಜೀಪಿನ ನೋಂದಣಿ ನವೀಕರಣಕ್ಕೆ ಹೋದಾಗ ಅಧಿಕಾರಿಯೊಬ್ಬರು ಬಂಪರನ್ನು ಕಂಡು "ಇದನ್ನು ಕಳಚಿ ತನ್ನಿ" ಎಂದರು. ಅವರ ಮಾತು ಕಾನೂನಿಗೆ ಅನುಗುಣವಾಗಿಯೇ ಇತ್ತು, ನಾನು ಕಳಚಿದೆ. ಆದರೆ ಅದನ್ನು ಯಾರು ಮಾಡಿದರು, ಹೇಗೆ ಕೂರಿಸಿದ್ದಾರೆ, ತೂಕವೆಷ್ಟು, ಮೂಲೆ ಚೂಪೇ ದುಂಡೇ ಎಂದು ಅವರು ಬಗ್ಗಿ ನೋಡಲಿಲ್ಲ. ನೋಡಬೇಕಾದ ಅಗತ್ಯವೂ ಕಾನೂನಿನ ಪ್ರಕಾರ ಅವರಿಗೆ ಇರಲಿಲ್ಲ. ಹೊರಗೆ ನಿಂತಿದ್ದ ಮಧ್ಯವರ್ತಿಯೊಬ್ಬ ಮಾತ್ರ ಬಹಳ ಸಹಜವಾಗಿ "ಎಲ್ರೂ ಇವತ್ತು ಬಿಚ್ತಾರೆ ಸರ್, ನಾಳೆ ಹಾಕ್ತಾರೆ" ಎಂದು ಸಮಾಧಾನ ಹೇಳಿದ. ನನ್ನದು ಇಂದಿಗೂ ಕಾಫಿ ಗೋದಾಮಿನ ಮೂಲೆಯಲ್ಲಿದೆ. ಕಳೆದ ಮಳೆಗಾಲದಲ್ಲಿ ನೆರೆಯ ತೋಟದ ಜೀಪು ಹೂತಾಗ ಅದನ್ನು ಹಿಂದಿನ ಸ್ಪ್ರಿಂಗಿನ ಕೊಂಡಿಗೆ ಹಗ್ಗ ಕಟ್ಟಿ ಎಳೆದರು. ಎಳೆಯಬಾರದ ಜಾಗ ಅದು. ಅಂದು ಏನೂ ಆಗಲಿಲ್ಲ.

ಸಾರಾಸಗಟು ನಿಷೇಧದ ನಿಜವಾದ ಫಲ ಇದು. ಚೆನ್ನಾಗಿ ಮಾಡಿದ ಬಂಪರಿಗೂ ಕೆಟ್ಟದಾಗಿ ಮಾಡಿದ ಬಂಪರಿಗೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ. ಹಾಗಿರುವಾಗ ಚೆನ್ನಾಗಿ ಮಾಡುವುದರಿಂದ ವೆಲ್ಡರನಿಗೆ ಲಾಭವೇನು? ಕೊಳವೆ ತುಂಡು ಇಟ್ಟರೂ ಅಷ್ಟೆ, ಬಿಟ್ಟರೂ ಅಷ್ಟೆ. ಅಪಘಾತವಾದರೆ ವಿಮಾ ಕಂಪನಿ ಕೈ ಎತ್ತಲು ಒಂದು ನೆಪ ಸಿಗುತ್ತದೆ. ತಪ್ಪು ಕೆಲಸಗಾರನದ್ದೋ ಮಾಲೀಕನದ್ದೋ ಎಂದು ಕೇಳುವವರಿಲ್ಲ, ಏಕೆಂದರೆ ಆ ಕೆಲಸ ಅಧಿಕೃತವಾಗಿ ನಡೆದೇ ಇಲ್ಲ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪು ಕಟ್ಟುವುದೇ ಒಂದು ಊರಿನ ಉದ್ಯಮವಾಗಿ ಬೆಳೆಯಿತು. ಅಲ್ಲಿನ ಕಸಬುದಾರರ ಕೈಚಳಕವೂ ಇದೇ ಅರೆಗತ್ತಲಿನಲ್ಲಿದೆ.

ಬೇರೆ ದಾರಿ ಇಲ್ಲವೆಂದಲ್ಲ. ಜರ್ಮನಿಯಲ್ಲಿ ವಾಹನಕ್ಕೆ ಬದಲಾವಣೆ ಮಾಡಿಸಿದವನು ಟಿಯುವಿಯಂಥ ಪರೀಕ್ಷಾ ಸಂಸ್ಥೆಗೆ ತೋರಿಸಿ ಅದನ್ನು ವಾಹನದ ಪತ್ರದಲ್ಲಿ ನಮೂದಿಸಿಕೊಳ್ಳಬೇಕು. ಆಸ್ಟ್ರೇಲಿಯಾದಲ್ಲಿ ಲಘು ವಾಹನಗಳ ಮಾರ್ಪಾಡಿಗೆಂದೇ ರಾಷ್ಟ್ರೀಯ ಸಂಹಿತೆಯಿದೆ. ಗಣನೀಯ ಬದಲಾವಣೆಗೆ ಮಾನ್ಯತೆ ಪಡೆದ ಎಂಜಿನಿಯರ್ ಸಹಿ ಹಾಕಬೇಕು. ಸಹಿ ಹಾಕಿದವನಿಗೆ ಹೊಣೆಯೂ ಇದೆ. ವಿದೇಶದ ಮಾತೇ ಬೇಡ ಎನ್ನುವವರು ಬೆಂಗಳೂರಿನ ಆಟೊಗಳನ್ನು ನೋಡಲಿ. ಪೆಟ್ರೋಲ್ ವಾಹನಕ್ಕೆ ಅನಿಲದ ಸಿಲಿಂಡರ್ ಕೂರಿಸುವುದು ಬಂಪರ್ ಬದಲಿಸುವುದಕ್ಕಿಂತ ಎಷ್ಟೋ ಪಾಲು ಅಪಾಯದ ಕೆಲಸ. ಅದಕ್ಕೆ ಪರೀಕ್ಷಿಸಿ ಅನುಮೋದಿಸಿದ ಕಿಟ್, ಅಧಿಕೃತ ಕಾರ್ಯಾಗಾರ, ಆರ್‌ಟಿಒ ಕಚೇರಿಯ ನಮೂದು ಎಂಬ ವ್ಯವಸ್ಥೆಯನ್ನು ನಾವೇ ಕಟ್ಟಿಕೊಂಡೆವು. ವಿದ್ಯುತ್ ಮೋಟಾರಿನ ಕಿಟ್‌ಗಳಿಗೂ ಇಂಥದೇ ದಾರಿ ಮಾಡಿದ್ದೇವೆ. ಬಂಪರಿಗೆ ಮಾತ್ರ ಇಲ್ಲ.

ಹೊಸ ಕಾಯ್ದೆಯೂ ಬೇಕಿಲ್ಲ. ದಂಡ ಹೆಚ್ಚಿಸಿದ ಅದೇ 2019ರ ತಿದ್ದುಪಡಿಯು 52ನೇ ಸೆಕ್ಷನ್ನಿಗೆ ಇನ್ನೊಂದು ಮಾತನ್ನೂ ಸೇರಿಸಿದೆ: ವಾಹನಗಳ ಬದಲಾವಣೆಗೆ ಬೇಕಾದ ಮಾನದಂಡ, ಅನುಮೋದನೆಯ ಷರತ್ತುಗಳನ್ನು ಕೇಂದ್ರ ಸರ್ಕಾರ ನಿಗದಿಪಡಿಸಬಹುದು, ಹಾಗೆ ಮಾಡಿದ ಬದಲಾವಣೆಯಿಂದ ತಯಾರಕರ ವಾರಂಟಿಯೂ ರದ್ದಾಗದು. ಬಾಗಿಲು ಇಟ್ಟಿದ್ದಾರೆ, ಚಿಲಕ ತೆಗೆದಿಲ್ಲ.

ತೆಗೆದರೆ ಬಂಪರಿನ ಮಟ್ಟಿಗೆ ಪರಿಶೀಲಿಸಬೇಕಾದದ್ದು ಬಹಳವೇನಿಲ್ಲ. ತೂಕಕ್ಕೊಂದು ಮಿತಿ ಬೇಕು, ಅದನ್ನು ನೋಂದಣಿ ಪತ್ರದಲ್ಲಿ ಬರೆಯಬೇಕು. ಹೊರ ಅಂಚು, ಮೂಲೆಗಳು ದುಂಡಾಗಿರಬೇಕು. ಕೊಕ್ಕೆ, ಶ್ಯಾಕಲ್‌ಗಳನ್ನು ರಸ್ತೆಯಲ್ಲಿರುವಾಗ ಕಳಚಿಡುವಂತಿರಬೇಕು. ಕಿವಿಗಳು ಬಂಪರಿನ ಮೈಯಿಂದ ಹೊರಚಾಚಬಾರದು. ಬ್ರೇಕ್ ದೀಪ, ತಿರುವಿನ ದೀಪ, ನಂಬರ್ ಪ್ಲೇಟು ಮರೆಯಾಗಬಾರದು. ಎತ್ತರದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣ: ಕೆಳ ಅಂಚು ಲಾರಿಯ 55 ಸೆಂಟಿಮೀಟರಿನ ಗೆರೆಯನ್ನು ದಾಟಿದರೆ, ರಸ್ತೆಗೆ ಬರುವಾಗ ಕೆಳಗೆ ಇಳಿಸಿ ಬಿಗಿಯಬಹುದಾದ ಅಡ್ಡಪಟ್ಟಿ ಕಡ್ಡಾಯವಾಗಬೇಕು. ಎರಡು ಪಿನ್ನು, ಒಂದು ಕೊಳವೆಯ ಕೆಲಸ ಅದು. ನಮ್ಮ ವೆಲ್ಡರನಿಗೆ ಹೇಳಿದರೆ ಅರ್ಧ ದಿನದಲ್ಲಿ ಮಾಡುತ್ತಾನೆ. ಎಳೆಯುವ ಕಿವಿಯ ಬಲವನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯವೇನೂ ಬೇಡ. ಒಂದು ಗಟ್ಟಿ ಕಂಬ, ಚೈನ್ ಬ್ಲಾಕು, ನಡುವೆ ಬಲ ಅಳೆಯುವ ಲೋಡ್ ಸೆಲ್ ಇದ್ದರೆ ಸಾಕು. ತಾಳಿದ ಬಲವನ್ನು ಶ್ಯಾಕಲ್‌ನ ಮೇಲಿರುವಂತೆಯೇ ಕಿವಿಯ ಮೇಲೂ ಅಚ್ಚೊತ್ತಬಹುದು. ಜಿಲ್ಲೆಗಳ ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಿ, ಐಟಿಐಗಳಲ್ಲಿ ಇದನ್ನು ಮಾಡುವುದು ಕಷ್ಟವಲ್ಲ, ವಿದ್ಯಾರ್ಥಿಗಳಿಗೆ ಪಾಠವೂ ಆದೀತು.

ಇದರಿಂದ ಲಂಚಕ್ಕೆ ಇನ್ನೊಂದು ಕಿಟಕಿ ತೆರೆದಂತಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಬರಲೇಬೇಕು. ಆದರೆ ಆ ಕಿಟಕಿ ಈಗಾಗಲೇ ತೆರೆದಿದೆ. ಅದರ ಹೊರಗೆ ನಿಂತ ಮಧ್ಯವರ್ತಿಯ ಮಾತನ್ನು ಮೇಲೆ ಹೇಳಿದ್ದೇನೆ. ಅಳೆದು ಬರೆದ ಒಂದು ಸಂಖ್ಯೆಗೆ, ಸಹಿ ಹಾಕಿದ ಒಂದು ಹೆಸರಿಗೆ ಇರುವ ಭಯ "ಕಳಚಿ ತನ್ನಿ" ಎಂಬ ಮಾತಿಗೆ ಇಲ್ಲ. ನಗರದ ಶೋಕಿಯವರೂ ಈ ದಾರಿಯಲ್ಲಿ ನುಸುಳುತ್ತಾರೆ ಎಂಬ ಇನ್ನೊಂದು ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ನುಸುಳಲಿ, ದುಂಡು ಮೂಲೆಯ, ಹಗುರವಾದ, ಕೊಕ್ಕೆ ಕಳಚಿದ ಬಂಪರಿನೊಂದಿಗೆ ನುಸುಳಿದರೆ ಅವರ ಹಿಂದಿನ ಸ್ಕೂಟರ್ ಸವಾರನ ಪಾಲಿಗೆ ಈಗಿರುವುದಕ್ಕಿಂತ ಅದೇ ಮೇಲು. ಪರೀಕ್ಷೆಯಿಲ್ಲದೆ ಹಾಕಿಸಿಕೊಂಡವರಿಗೆ 182ಎ ಸೆಕ್ಷನ್ ಹೇಗೂ ಇದೆ. ಒಪ್ಪಿತ ದಾರಿಯೊಂದು ಇದ್ದಾಗ ಅದನ್ನು ಪೊಲೀಸರು ಅಳುಕಿಲ್ಲದೆ ಚಲಾಯಿಸಬಹುದು.

ನಿಯಮ ರೂಪಿಸುವ ಅಧಿಕಾರ ಕೇಂದ್ರದ್ದು. ಆದರೆ ತೋಟದ ಜೀಪು, ಪ್ರವಾಸಿ ಜೀಪುಗಳು ಅತಿ ಹೆಚ್ಚು ಓಡಾಡುವ ರಾಜ್ಯಗಳಲ್ಲಿ ಒಂದಾದ ಕರ್ನಾಟಕ ಸುಮ್ಮನಿರಬೇಕಿಲ್ಲ. ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳ ಸಾರಿಗೆ ಕಚೇರಿಗಳು ನವೀಕರಣಕ್ಕೆ ಬರುವ ಜೀಪುಗಳ ಹಿಂಬದಿಯನ್ನು ಕಳಚಿಸುವ ಮೊದಲು ಒಂದು ವರ್ಷ ಕಾಲ ತೂಗಿ, ಅಳೆದು, ಛಾಯಾಚಿತ್ರ ತೆಗೆದಿಟ್ಟರೂ ದೆಹಲಿಗೆ ಕಳುಹಿಸಲು ಒಂದು ವರದಿ ಸಿದ್ಧವಾಗುತ್ತದೆ. ಮುಂದಿನ ಮುಂಗಾರಿಗೆ ಮೊದಲು ಮಾಂದಲಪಟ್ಟಿಗೆ ಜನರನ್ನು ಹೊತ್ತೊಯ್ಯುವ ಜೀಪುಗಳಿಂದಲೇ ಅದನ್ನು ಆರಂಭಿಸಬಹುದು.